ದೊಡ್ಡಪ್ಪನ ಹೆಸರಿಗೆ ಕಾರ್ಡ್ ಬಂತು, ಔಷಧಿ ತರುವವರು ಯಾರು? ಪೆನ್ಸಿಲ್ವೇನಿಯಾದ ಒಂದು ವೈದ್ಯಕೀಯ ಗಾಂಜಾ ಪ್ರಕರಣ

ಅಮೆರಿಕದಲ್ಲಿ ವೈದ್ಯಕೀಯ ಗಾಂಜಾ ಕಾರ್ಡ್, ಅಂದರೆ ಗಾಂಜಾವನ್ನು ಔಷಧಿಯಾಗಿ ಕೊಳ್ಳಲು ರಾಜ್ಯ ಸರ್ಕಾರ ಕೊಡುವ ಕಾರ್ಡ್, ಮಾಡಿಸುವುದು ಹೇಗೆ ಅಂತ ಯಾರನ್ನಾದರೂ ಕೇಳಿ. ಡಾಕ್ಟರ್, ಫಾರಂ, ಫೀಸು, ಇಷ್ಟು ಹೇಳಿ ಮುಗಿಸುತ್ತಾರೆ. ನಮ್ಮಂಥವರ ಮನೆಗಳಲ್ಲಿ ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಮನೆಯಲ್ಲಿ ಯಾರ ಹತ್ತಿರ ಯಾವ ಪಾಸ್‌ಪೋರ್ಟ್ ಇದೆ? ರೋಗಿಯದ್ದು ಮಾತ್ರ ಅಲ್ಲ, ರೋಗಿಯನ್ನು ನೋಡಿಕೊಳ್ಳುವವರದ್ದೂ. ನಮ್ಮ ದೊಡ್ಡಪ್ಪನ ವಿಷಯದಲ್ಲಿ ಕಾರ್ಡ್ ಸಿಕ್ಕಿದ್ದು ಸುಲಭವಾಗಿಯೇ. ಆದರೆ ಆ ಕಾರ್ಡ್ ತೋರಿಸಿ ಔಷಧಿ ತಂದುಕೊಡಬಹುದಾದ ಒಬ್ಬ ಮನುಷ್ಯ ಮನೆಯಲ್ಲಿ ಇರಲಿಲ್ಲ. ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ಇದೇ ಪರಿಸ್ಥಿತಿಯಲ್ಲಿ ಇರುವ ಕನ್ನಡದ ಮನೆಗಳು ಇನ್ನೂ ಇವೆ ಅಂತ ನನಗೆ ಗೊತ್ತು.

ದೊಡ್ಡಪ್ಪನಿಗೆ 71 ವರ್ಷ. ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಹತ್ತಿರ ಇದ್ದಾರೆ. 90ರ ದಶಕದಲ್ಲಿ ಬಂದವರು, ಸಿವಿಲ್ ಇಂಜಿನಿಯರ್ ಆಗಿ ದುಡಿದು ನಿವೃತ್ತರಾದವರು, ಅಮೆರಿಕದ ಪೌರತ್ವ ತೆಗೆದುಕೊಂಡು ಬಹಳ ವರ್ಷವಾಯಿತು. ದೊಡ್ಡಮ್ಮ ಮಾತ್ರ ಭಾರತದ ಪಾಸ್‌ಪೋರ್ಟ್ ಬಿಟ್ಟಿಲ್ಲ. ಮೈಸೂರಿನಲ್ಲಿ ಮನೆ ಇದೆ, ಅಕ್ಕತಂಗಿಯರಿದ್ದಾರೆ, ಆಗಾಗ ಹೋಗಿಬರುತ್ತಾರೆ, ಹಾಗಾಗಿ ಗ್ರೀನ್ ಕಾರ್ಡ್‌ನಲ್ಲೇ, ಅಂದರೆ ಕಾಯಂ ವಾಸದ ಅನುಮತಿಯಲ್ಲೇ ಇದ್ದಾರೆ. ಕಾರು ಓಡಿಸುವುದನ್ನು ಅವರು ಕಲಿಯಲೇ ಇಲ್ಲ. ಮಗಳು ಕ್ಯಾಲಿಫೋರ್ನಿಯಾದಲ್ಲಿ. ಹತ್ತಿರ ಇರುವವನು ನಾನೊಬ್ಬ, ತಮ್ಮನ ಮಗ, ಎಚ್ ಒನ್ ಬಿ ವೀಸಾದಲ್ಲಿ ಕೆಲಸ ಮಾಡುತ್ತಾ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವವನು. ಒಂದೇ ಕುಟುಂಬ, ಮೂರು ಥರದ ಕಾಗದ.

2024ರಲ್ಲಿ ದೊಡ್ಡಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು, ಆಮೇಲೆ ಕೀಮೋ ಶುರುವಾಯಿತು. ಕೊಡುತ್ತಿದ್ದ ಔಷಧಿಗಳಲ್ಲಿ ಒಂದು ಆಕ್ಸಾಲಿಪ್ಲಾಟಿನ್. ಅದಕ್ಕೆ ನರಗಳನ್ನು ಕೆಣಕುವ ಗುಣ ಇದೆ. ತಣ್ಣಗಿರುವುದನ್ನು ಮುಟ್ಟಿದರೆ ಸಾಕು, ಫ್ರಿಜ್‌ನಿಂದ ಹಾಲಿನ ಡಬ್ಬಿ ತೆಗೆದರೂ ಬೆರಳಿಗೆ ಕರೆಂಟ್ ಹೊಡೆದ ಹಾಗಾಗುತ್ತಿತ್ತು. ಅಂಗಾಲು ಉರಿ, ಜೋಮು. ಅದರ ಜೊತೆಗೆ ವಾಕರಿಕೆ. ಸಾರು ಕುದಿಯುವ ವಾಸನೆ ಬಂದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರು. ತೂಕ ಇಳಿಯುತ್ತಾ ಬಂತು. ವಾಂತಿಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಅರ್ಧ ಮಾತ್ರ ಕೆಲಸ ಮಾಡಿದವು.

ಕ್ಯಾನ್ಸರ್ ಡಾಕ್ಟರ್ ಮೊದಲು ಬರೆದುಕೊಟ್ಟಿದ್ದು ಡ್ರೋನಾಬಿನಾಲ್. ಇದು ಬಹಳ ಜನಕ್ಕೆ ಗೊತ್ತಿಲ್ಲದ ಕಾರಣ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗಾಂಜಾ ಗಿಡದಲ್ಲಿ ಅಮಲು ತರುವ ಅಂಶ ಟಿಎಚ್‌ಸಿ. ಅದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಕ್ಯಾಪ್ಸೂಲ್‌ಗೆ ತುಂಬಿದರೆ ಡ್ರೋನಾಬಿನಾಲ್. ಮಾರಿನಾಲ್ ಅನ್ನುವ ಹೆಸರಿನಲ್ಲಿ 1985ರಲ್ಲೇ ಇದಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ, ಕೀಮೋದಿಂದ ಬರುವ ವಾಂತಿಗೆ. ಮಾಮೂಲಿ ಡಾಕ್ಟರ್ ಚೀಟಿ, ಮಾಮೂಲಿ ಔಷಧಿ ಅಂಗಡಿ, ಯಾವ ಕಾರ್ಡೂ ಬೇಡ. ಮುಖ್ಯವಾಗಿ, ಡಾಕ್ಟರ್ ಚೀಟಿ ಇದ್ದರೆ ಇದು ಫೆಡರಲ್ ಕಾನೂನಿನಲ್ಲೂ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಲ್ಲೂ ಸಕ್ರಮ. ಯಾವ ವೀಸಾದವರು ತೆಗೆದುಕೊಂಡರೂ ತೊಂದರೆ ಇಲ್ಲ. ಕ್ಯಾಪ್ಸೂಲ್ ಒಳಗೆ ಎಳ್ಳೆಣ್ಣೆ ಇರುತ್ತದೆ, ತಂಪಿನಲ್ಲಿ ಇಡಬೇಕು. ಮೊದಲಿಗೆ ಹೆದರಿದ್ದ ದೊಡ್ಡಮ್ಮ ಎಳ್ಳೆಣ್ಣೆ ಅಂತ ಕೇಳಿದ ಮೇಲೆ ಸಮಾಧಾನವಾಗಿ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಪಕ್ಕ ಜಾಗ ಮಾಡಿಕೊಟ್ಟರು.

ವಾಕರಿಕೆ ಕಡಿಮೆಯಾಯಿತು. ಆದರೆ ಇನ್ಶೂರೆನ್ಸ್‌ನವರು ಕೀಮೋ ವಾಂತಿಗೆ ಮಾತ್ರ ಒಪ್ಪಿದರು, ಕಾಲಿನ ಉರಿಗೆ ಒಪ್ಪಲಿಲ್ಲ. ಕ್ಯಾಪ್ಸೂಲ್ ತೆಗೆದುಕೊಂಡರೆ ಮಧ್ಯಾಹ್ನವೆಲ್ಲ ತೂಕಡಿಕೆ ಬೇರೆ. ನರನೋವಿಗೆ ಕೊಡುವ ಬೇರೆ ಮಾತ್ರೆಗಳನ್ನು ಪ್ರಯತ್ನಿಸಿದ್ದಾಯಿತು. ಕೊನೆಗೆ ಕ್ಯಾನ್ಸರ್ ವಿಭಾಗದ ನರ್ಸ್ ಒಬ್ಬರು, ರಾಜ್ಯದ ವೈದ್ಯಕೀಯ ಗಾಂಜಾ ಯೋಜನೆಯಲ್ಲಿ ಹೆಸರು ಬರೆಸುವ ಬಗ್ಗೆ ಯೋಚನೆ ಮಾಡಿದ್ದೀರಾ ಅಂತ ಕೇಳಿದರು.

ಎರಡು ಸರ್ಕಾರ, ಎರಡು ಕಾನೂನು

ಪೆನ್ಸಿಲ್ವೇನಿಯಾದ ಯೋಜನೆ ಶುರುವಾಗಿದ್ದು 2016ರ ಕಾಯ್ದೆ 16ರಿಂದ. ಆಗಿನ ಗವರ್ನರ್ ಟಾಮ್ ವುಲ್ಫ್ 2016ರ ಏಪ್ರಿಲ್ 17ರಂದು ಸಹಿ ಹಾಕಿದರು. ಅಪಸ್ಮಾರದ ಮಕ್ಕಳ ತಾಯಂದಿರು ರಾಜಧಾನಿ ಹ್ಯಾರಿಸ್‌ಬರ್ಗ್‌ನ ಶಾಸಕರ ಕಚೇರಿಗಳಿಗೆ ವರ್ಷಗಟ್ಟಲೆ ಎಡತಾಕಿದ ಫಲ ಅದು. ಈ ಔಷಧಿ ಮಾರುವ ಮೊದಲ ಅಂಗಡಿ ಬಾಗಿಲು ತೆರೆದಿದ್ದು 2018ರ ಫೆಬ್ರವರಿಯಲ್ಲಿ, ಪಿಟ್ಸ್‌ಬರ್ಗ್‌ಗೆ ಉತ್ತರದಲ್ಲಿರುವ ಬಟ್ಲರ್‌ನಲ್ಲಿ. ಎಲ್ಲ ಕಾಯಿಲೆಗೂ ಸಿಗುವುದಿಲ್ಲ, ಒಂದು ಪಟ್ಟಿ ಇದೆ. ಕ್ಯಾನ್ಸರ್, ಅಪಸ್ಮಾರ, ಪಾರ್ಕಿನ್ಸನ್, ಎಚ್‌ಐವಿ, ಗ್ಲಾಕೋಮಾ, ನರಗಳ ತೊಂದರೆ, ಬಹುಕಾಲದ ತೀವ್ರ ನೋವು, ಹೀಗೆ ಇಪ್ಪತ್ತಕ್ಕೂ ಜಾಸ್ತಿ. 2019ರ ಜುಲೈನಲ್ಲಿ ಆತಂಕದ ಕಾಯಿಲೆಯನ್ನೂ ಸೇರಿಸಿದರು. ದೊಡ್ಡಪ್ಪನಿಗೆ ಪಟ್ಟಿಯಲ್ಲಿರುವ ಎರಡು ಕಾರಣ ಇದ್ದವು, ಕ್ಯಾನ್ಸರ್ ಮತ್ತು ನರಗಳ ತೊಂದರೆ.

ಇಲ್ಲಿ ರಾಜ್ಯ ಕೊಡುವುದು ರಾಜ್ಯದ ಅನುಮತಿ ಮಾತ್ರ. ಫೆಡರಲ್ ಸರ್ಕಾರದ 1970ರ ಕಾನೂನು ಗಾಂಜಾವನ್ನು ನಿಯಂತ್ರಿತ ಪದಾರ್ಥಗಳ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿ ಇಟ್ಟಿತು, ಅಂದರೆ ಹೆರಾಯಿನ್ ಜೊತೆಗೆ. ಅದನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವವನ್ನು 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಮುಂದಿಟ್ಟಿತು. ನಾವು ಓಡಾಡುತ್ತಿದ್ದ ಕಾಲದಲ್ಲಿ ಅದು ಇನ್ನೂ ಪ್ರಸ್ತಾವವಾಗಿಯೇ ಇತ್ತು. ಹಾಗಾಗಿ ಡಾಕ್ಟರ್ ಗಾಂಜಾಕ್ಕೆ ಚೀಟಿ ಬರೆಯುವ ಹಾಗಿಲ್ಲ, ಬರೆದರೆ ಅವರ ಲೈಸೆನ್ಸ್‌ಗೇ ಕುತ್ತು. ಈ ರೋಗಿಗೆ ಇಂಥ ಕಾಯಿಲೆ ಇದೆ, ಇವರಿಗೆ ಇದರಿಂದ ಉಪಯೋಗ ಆಗಬಹುದು ಅಂತ ದೃಢೀಕರಿಸಬಹುದು ಅಷ್ಟೇ. ಚೀಟಿ ಅಲ್ಲದ ಮೇಲೆ ಮಾಮೂಲಿ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ, ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ದುಡ್ಡು ಕೊಡುವುದಿಲ್ಲ, ಬಹುತೇಕ ಅಂಗಡಿಗಳಲ್ಲಿ ಕ್ರೆಡಿಟ್ ಕಾರ್ಡ್ ಕೂಡ ನಡೆಯುವುದಿಲ್ಲ. ಒಂದೊಂದೂ ಬೇರೆ ಬೇರೆ ಕಿರಿಕಿರಿ ಅನ್ನಿಸುತ್ತದೆ, ಆದರೆ ಎಲ್ಲದರ ಬೇರು ಆ 1970ರ ಪಟ್ಟಿಯಲ್ಲೇ ಇದೆ.

ಹೆಸರು ಬರೆಸಿದ್ದು

ಮೊದಲು ರಾಜ್ಯ ಆರೋಗ್ಯ ಇಲಾಖೆಯ ಜಾಲತಾಣದಲ್ಲಿ ರೋಗಿ ತಾನೇ ಖಾತೆ ತೆರೆಯಬೇಕು. ಇದಕ್ಕೆ ಪೆನ್ಸಿಲ್ವೇನಿಯಾದ ಡ್ರೈವಿಂಗ್ ಲೈಸೆನ್ಸ್ ಅಥವಾ ಅದೇ ಇಲಾಖೆ ಕೊಡುವ ಫೋಟೋ ಗುರುತಿನ ಚೀಟಿ ಇರಲೇಬೇಕು. ಅದರಲ್ಲಿರುವ ಹೆಸರು, ವಿಳಾಸ ಅಕ್ಷರ ಅಕ್ಷರಕ್ಕೂ ಹೊಂದಬೇಕು.

ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಊರಿನಲ್ಲಿ ಇನಿಷಿಯಲ್ ಇಟ್ಟುಕೊಂಡು ಬೆಳೆದವರು, ಅಮೆರಿಕಕ್ಕೆ ಬಂದಾಗ ಅದನ್ನು ಬಿಡಿಸಿ ಬರೆಸಿರುತ್ತಾರೆ. ಊರ ಹೆಸರು ಒಂದು ಕಡೆ ಮೊದಲ ಹೆಸರಾಗಿರುತ್ತದೆ, ಇನ್ನೊಂದು ಕಡೆ ಕೊನೆಯ ಹೆಸರಾಗಿರುತ್ತದೆ. ದೊಡ್ಡಪ್ಪನ ಲೈಸೆನ್ಸ್‌ನಲ್ಲಿ ಊರು, ಅಪ್ಪನ ಹೆಸರು, ತಮ್ಮ ಹೆಸರು ಮೂರೂ ಇದ್ದವು. ಆಸ್ಪತ್ರೆಯ ದಾಖಲೆಯಲ್ಲಿ ಎರಡೇ. ಜೊತೆಗೆ ದೊಡ್ಡ ಮನೆ ಮಾರಿ ಅಪಾರ್ಟ್‌ಮೆಂಟ್‌ಗೆ ಬಂದಿದ್ದರು, ಲೈಸೆನ್ಸ್‌ನ ವಿಳಾಸ ಹಳೆಯದೇ ಉಳಿದಿತ್ತು. ನೋಂದಣಿ ಮುಂದೆ ಹೋಗಲೇ ಇಲ್ಲ. ಸಾರಿಗೆ ಇಲಾಖೆಯ ಜಾಲತಾಣದಲ್ಲಿ ವಿಳಾಸ ಬದಲಿಸಿ, ಖಾತೆಯಲ್ಲಿ ಮೂರೂ ಹೆಸರನ್ನು ಲೈಸೆನ್ಸ್‌ನಲ್ಲಿದ್ದ ಹಾಗೆಯೇ ಹಾಕಿದ ಮೇಲೆ ಸರಿಹೋಯಿತು. ಡಾಕ್ಟರ್ ದೃಢೀಕರಣ ಪತ್ರದಲ್ಲೂ ಅದೇ ಹೆಸರು ಇರಬೇಕು ಅಂತ ಮೊದಲೇ ಹೇಳಿದ್ದೆವು. ನೀವೂ ಹೇಳಿ, ಡಾಕ್ಟರ್ ಕಚೇರಿಯವರು ಆಸ್ಪತ್ರೆಯ ಹೆಸರನ್ನೇ ಸುಮ್ನೆ ನಕಲು ಮಾಡಿಬಿಡುತ್ತಾರೆ.

ಆಮೇಲೆ ಡಾಕ್ಟರ್. ಎಲ್ಲ ಡಾಕ್ಟರೂ ದೃಢೀಕರಿಸುವ ಹಾಗಿಲ್ಲ. ರಾಜ್ಯ ನಿಗದಿ ಮಾಡಿದ ನಾಲ್ಕು ಗಂಟೆಯ ತರಬೇತಿ ಮುಗಿಸಿ, ಇಲಾಖೆಯಲ್ಲಿ ಹೆಸರು ನೋಂದಾಯಿಸಿದವರು ಮಾತ್ರ. ದೊಡ್ಡಪ್ಪನ ಕ್ಯಾನ್ಸರ್ ಡಾಕ್ಟರ್ ಆ ಪಟ್ಟಿಯಲ್ಲಿ ಇರಲಿಲ್ಲ. ಇಲಾಖೆಯ ಜಾಲತಾಣದಲ್ಲಿರುವ ಪಟ್ಟಿ ನೋಡಿ, ನೋವಿನ ಚಿಕಿತ್ಸೆ ಮಾಡುವ ಬೇರೆ ಡಾಕ್ಟರ್ ಒಬ್ಬರನ್ನು ಹಿಡಿದೆವು. ಕ್ಯಾನ್ಸರ್ ಡಾಕ್ಟರ್ ಕಡೆಯಿಂದ ದಾಖಲೆ ತರಿಸಿಕೊಂಡರು. ಬೇರೆ ಯಾವ ನಿಯಂತ್ರಿತ ಔಷಧಿ ತೆಗೆದುಕೊಳ್ಳುತ್ತಿದ್ದಾರೆ ಅಂತ ರಾಜ್ಯದ ಔಷಧಿ ದಾಖಲೆಯಲ್ಲಿ ನೋಡಿದರು, ಇದನ್ನು ನೋಡಲೇಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಈ ಭೇಟಿ ಈಗ ವಿಡಿಯೋ ಕರೆಯಲ್ಲೂ ಆಗುತ್ತದೆ. ನಾವು ಖುದ್ದಾಗಿ ಹೋದೆವು. ಹೋಗಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಅವರು ದೊಡ್ಡಪ್ಪನ ಪಾದ ಮುಟ್ಟಿ ನೋಡಿ, ನಡೆಸಿ ನೋಡಿ, ರಾತ್ರಿ ಬಾತ್‌ರೂಮಿಗೆ ಎಷ್ಟು ಸಲ ಏಳುತ್ತೀರಿ ಅಂತ ಕೇಳಿದರು. ಬೀಳುವ ಭಯ ಅವರಿಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ಐದು ನಿಮಿಷದ ಕರೆಯಲ್ಲಿ ದೃಢೀಕರಿಸಿ ದುಡ್ಡು ತೆಗೆದುಕೊಳ್ಳುವವರೂ ಇದ್ದಾರೆ. 70 ದಾಟಿದ, ಐದಾರು ಔಷಧಿ ನುಂಗುವ ರೋಗಿಗೆ ಆ ದಾರಿ ಬೇಡ.

ಈ ಡಾಕ್ಟರ್ ಒಂದು ಮಾತು ಚೆನ್ನಾಗಿ ಹೇಳಿದರು. ಇದು ಕ್ಯಾನ್ಸರ್ ವಾಸಿ ಮಾಡುವುದಿಲ್ಲ, ಯಾರಾದರೂ ಹಾಗೆ ಹೇಳಿದರೆ ಕೇಳಬೇಡಿ, ಕೀಮೋ ಮಾತ್ರ ನಿಲ್ಲಿಸಬೇಡಿ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ ಎಲ್ಲ ಸಂಶೋಧನೆಗಳನ್ನೂ ಸೇರಿಸಿ ಒಂದು ವರದಿ ಕೊಟ್ಟವು. ದೊಡ್ಡವರ ದೀರ್ಘಕಾಲದ ನೋವು, ಕೀಮೋ ವಾಂತಿ, ಮಲ್ಟಿಪಲ್ ಸ್ಕ್ಲೀರೋಸಿಸ್‌ನ ಸ್ನಾಯು ಬಿಗಿತ, ಈ ಮೂರಕ್ಕೆ ಗಟ್ಟಿ ಆಧಾರ ಇದೆ ಅಂತ ಅದರಲ್ಲಿದೆ. ಅಷ್ಟನ್ನು ಇಟ್ಟುಕೊಂಡು ಹೊರಟರೆ ಸಾಕು.

ಡಾಕ್ಟರ್ ದೃಢೀಕರಣ ಹಾಕಿದ ಮೇಲೆ ಮತ್ತೆ ಖಾತೆಗೆ ಹೋಗಿ 50 ಡಾಲರ್ ಕಟ್ಟಬೇಕು. ಕಡಿಮೆ ಆದಾಯದವರ ಸರ್ಕಾರಿ ವಿಮೆಯಾದ ಮೆಡಿಕೈಡ್ ಇರುವವರಿಗೆ, ಹಿರಿಯರ ಔಷಧಿ ನೆರವಿನ ಪೇಸ್ ಯೋಜನೆಯಲ್ಲಿ ಇರುವವರಿಗೆ ರಿಯಾಯಿತಿ ಇದೆ, ಅರ್ಜಿಯಲ್ಲೇ ಕೇಳುತ್ತಾರೆ. ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಬಂತು. ಪ್ರತಿ ವರ್ಷ ಹೊಸದಾಗಿ ದೃಢೀಕರಣ, ಹೊಸದಾಗಿ ಕಾರ್ಡ್.

ಕಾರಿನ ಕೀಲಿ

ಅಂಗಡಿಗೆ ನಾನೇ ಹೋಗಿ ಬರುತ್ತೇನೆ ಬಿಡು ಅಂದರು ದೊಡ್ಡಪ್ಪ. ಕೀಮೋ ಇಲ್ಲದ ವಾರಗಳಲ್ಲಿ ಅವರೇ ಕಾರು ಓಡಿಸುತ್ತಿದ್ದರು. ಆಗ ಡಾಕ್ಟರ್ ಹೇಳಿದ ಮಾತು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಪೆನ್ಸಿಲ್ವೇನಿಯಾದ ವಾಹನ ಕಾನೂನಿನ ಪ್ರಕಾರ, ಮೊದಲ ಪಟ್ಟಿಯ ಪದಾರ್ಥ ರಕ್ತದಲ್ಲಿ ಎಷ್ಟೇ ಇದ್ದರೂ, ಅದು ಕರಗಿ ಉಳಿದ ಅಂಶ ಇದ್ದರೂ, ಗಾಡಿ ಓಡಿಸುವುದು ಅಪರಾಧ. ಅಮಲು ಇರಬೇಕಾಗಿಲ್ಲ, ಗಾಡಿ ಓಲಾಡಬೇಕಾಗಿಲ್ಲ, ರಕ್ತದಲ್ಲಿ ಇದ್ದರೆ ಸಾಕು. ಗಾಂಜಾ ರಾಜ್ಯದ ಪಟ್ಟಿಯಲ್ಲೂ ಮೊದಲನೆಯದರಲ್ಲೇ ಇದೆ. ಕಾರ್ಡ್ ಇದ್ದರೂ ಇದರಿಂದ ಬಿಡುಗಡೆ ಇಲ್ಲ ಅಂತ 2022ರಲ್ಲಿ ರಾಜ್ಯದ ಸುಪೀರಿಯರ್ ಕೋರ್ಟ್ ತೀರ್ಪು ಕೊಟ್ಟಿದೆ. ಈ ಅಂಶ ರಕ್ತದಲ್ಲಿ ದಿನಗಟ್ಟಲೆ, ದಿನವೂ ತೆಗೆದುಕೊಳ್ಳುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾದರೆ ಔಷಧಿ ತೆಗೆದುಕೊಳ್ಳುವ ದಿನ ಮಾತ್ರ ಓಡಿಸದೆ ಇದ್ದರೆ ಸಾಲದು, ಓಡಿಸುವುದನ್ನೇ ಬಿಡಬೇಕು. ಒಂದೇ ರಾಜ್ಯ ಒಂದು ಕೈಯಲ್ಲಿ ಕಾರ್ಡ್ ಕೊಟ್ಟು ಇನ್ನೊಂದು ಕೈಯಲ್ಲಿ ಲೈಸೆನ್ಸ್ ಕಿತ್ತುಕೊಳ್ಳುವುದು ನ್ಯಾಯ ಅಲ್ಲ ಅಂತಲೇ ನನ್ನ ಅಭಿಪ್ರಾಯ. ಇದನ್ನು ಬದಲಿಸಬೇಕು ಅಂತ ಹ್ಯಾರಿಸ್‌ಬರ್ಗ್‌ನಲ್ಲಿ ಮಸೂದೆಗಳು ಬಂದಿವೆ, ಆದರೆ ನಾವು ಓಡಾಡುತ್ತಿದ್ದಾಗ ಕಾನೂನು ಹೀಗೇ ಇತ್ತು.

ದೊಡ್ಡಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೀಲಿ ತೆಗೆದು ದೊಡ್ಡಮ್ಮನ ಕೈಗೆ ಕೊಟ್ಟರು. "ಇದನ್ನ ಎಲ್ಲಾದರೂ ಎತ್ತಿಡು. ಕಾಲು ಉರಿ ಇಟ್ಕೊಂಡು ಓಡಿಸೋದಕ್ಕಿಂತ ಓಡಿಸದೆ ಇರೋದೇ ವಾಸಿ" ಅಂದರು.

ಈಗ ತರುವವರು ಬೇಕು. ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ರೋಗಿ ತನ್ನ ಪರವಾಗಿ ಕೇರ್‌ಗಿವರ್ ಒಬ್ಬರನ್ನು ನೇಮಿಸಬಹುದು. ಅವರಿಗೆ 21 ವರ್ಷ ಆಗಿರಬೇಕು, ಪೆನ್ಸಿಲ್ವೇನಿಯಾದ ಗುರುತಿನ ಚೀಟಿ ಇರಬೇಕು, ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆ ಪಾಸಾಗಬೇಕು. ಆಮೇಲೆ ಅವರ ಹೆಸರಿಗೂ ಒಂದು ಕಾರ್ಡ್ ಬರುತ್ತದೆ. ಕಾರ್ಡ್ ಇಲ್ಲದ ಮಗ, ಸೊಸೆ, ಅಳಿಯ ಯಾರೂ ಅಂಗಡಿಯಲ್ಲಿ ಕೊಳ್ಳುವ ಹಾಗಿಲ್ಲ.

ನಾನಿದ್ದೀನಲ್ಲ, ನಾನೇ ಕೇರ್‌ಗಿವರ್ ಆಗ್ತೀನಿ ಅಂತ ಅರ್ಜಿ ತುಂಬಲು ಕೂತೆ. ಬೆರಳಚ್ಚು ರಾಜ್ಯ ಪೊಲೀಸರ ಮೂಲಕ ಫೆಡರಲ್ ಸರ್ಕಾರದ ಎಫ್‌ಬಿಐಗೆ ಹೋಗುತ್ತದೆ ಅಂತ ಓದಿದಾಗ ಕೈ ತಡೆಯಿತು. ನನ್ನ ಗ್ರೀನ್ ಕಾರ್ಡ್ ಕಡತ ನೋಡುವ ವಕೀಲರಿಗೆ ಫೋನ್ ಮಾಡಿದೆ.

ವಕೀಲರು ಹೇಳಿದ್ದು

ಅವರು ಮೊದಲು ಹೇಳಿದ್ದು, ಅರ್ಜಿ ಹಾಕಬೇಡಿ. ವಲಸೆ ಕಾನೂನು ಪೂರ್ತಿ ಫೆಡರಲ್. ರಾಜ್ಯದ ಕಾರ್ಡ್ ಅದರ ಕಣ್ಣಿಗೆ ಕಾಣುವುದೇ ಇಲ್ಲ. ಪೌರರಲ್ಲದವರು ನಿಯಂತ್ರಿತ ಪದಾರ್ಥದ ಕಾನೂನು ಮುರಿದಿದ್ದೇನೆ ಅಂತ ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಸಾಕು, ಶಿಕ್ಷೆ ಆಗಿರಬೇಕು ಅಂತೇನಿಲ್ಲ, ವೀಸಾಕ್ಕೂ ಗ್ರೀನ್ ಕಾರ್ಡ್‌ಗೂ ಅನರ್ಹರಾಗಬಹುದು. ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಈ ಪ್ರಶ್ನೆ ನೇರವಾಗಿ ಇದೆ. ಊರಿಗೆ ಹೋಗಿ ವೀಸಾ ಸ್ಟ್ಯಾಂಪಿಂಗ್‌ಗೆ ಚೆನ್ನೈಗೋ ಹೈದರಾಬಾದ್‌ಗೋ ಹೋದರೆ ಅಲ್ಲೂ ಕೇಳಬಹುದು. ಸುಳ್ಳು ಹೇಳಿದರೆ ಅದು ಇನ್ನೂ ದೊಡ್ಡ ಅಪರಾಧ.

ನಾನಂತೂ ತೆಗೆದುಕೊಳ್ಳುವುದಿಲ್ಲವಲ್ಲ, ತಂದುಕೊಡುವುದು ಮಾತ್ರ ಅಲ್ವಾ ಅಂತ ಕೇಳಿದೆ. ಅದು ಇನ್ನೂ ಕಷ್ಟ ಅಂದರು. ಕೊಂಡು ಇನ್ನೊಬ್ಬರಿಗೆ ಕೊಡುವುದನ್ನು ಫೆಡರಲ್ ಕಾನೂನು ಹಂಚಿಕೆ ಅಂತ ಓದಬಹುದು. ಹಂಚಿಕೆಯಲ್ಲಿ ಸೇರಿದ್ದಾನೆ ಅಂತ ನಂಬಲು ಕಾರಣ ಇದ್ದರೆ ಸಾಕು, ವಲಸೆ ಅಧಿಕಾರಿ ಬಾಗಿಲು ಹಾಕಬಹುದು, ಅದಕ್ಕೆ ಕೋರ್ಟ್ ತೀರ್ಪು ಬೇಕಿಲ್ಲ. ಸ್ವಂತಕ್ಕೆ 30 ಗ್ರಾಂ ಒಳಗೆ ಒಂದು ಸಲ ಇಟ್ಟುಕೊಂಡವರಿಗೆ ಕಾನೂನಿನಲ್ಲಿ ಸಣ್ಣ ವಿನಾಯಿತಿ ಇದೆ, ತಂದುಕೊಡುವವರಿಗೆ ಅದೂ ಸಿಗುವುದಿಲ್ಲ.

ದೊಡ್ಡಮ್ಮನ ಬಗ್ಗೆ ಕೇಳಿದೆ. ಅವರು ಮುಂದೆ ಪೌರತ್ವಕ್ಕೆ ಅರ್ಜಿ ಹಾಕಿದರೆ ಒಳ್ಳೆಯ ನಡತೆ ತೋರಿಸಬೇಕು. 2019ರ ಏಪ್ರಿಲ್ 19ರಂದು ವಲಸೆ ಇಲಾಖೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಇದೆ: ರಾಜ್ಯದಲ್ಲಿ ಗಾಂಜಾ ಸಕ್ರಮವಾಗಿದ್ದರೂ, ಫೆಡರಲ್ ಕಾನೂನು ಮುರಿದರೆ ಒಳ್ಳೆಯ ನಡತೆಗೆ ಅಡ್ಡಿ. ಅಲ್ಲದೆ ಅವರು ಮೈಸೂರಿಗೆ ಹೋಗಿ ಬರುವವರು. ಪ್ರತಿ ಸಲ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಮುಂದೆ ನಿಲ್ಲಬೇಕು. ಹೊರಗೆ ಹೋಗದೆ ಇರುವ ಗ್ರೀನ್ ಕಾರ್ಡ್‌ನವರಿಗಿಂತ ಹೋಗಿ ಬರುವವರಿಗೆ ಅಪಾಯ ಜಾಸ್ತಿ. ಅವರೂ ಕೇರ್‌ಗಿವರ್ ಆಗುವುದು ಬೇಡ ಅಂದರು.

ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಗಂಡನಿಗೆ ಔಷಧಿ ತಂದುಕೊಡಲು ಹೆದರಬೇಕು. ಇದನ್ನು ದೊಡ್ಡಮ್ಮನಿಗೆ ವಿವರಿಸಿ ಹೇಳುವುದು ನನಗೆ ಈ ಇಡೀ ಪ್ರಕರಣದಲ್ಲೇ ಕಷ್ಟದ ಕೆಲಸವಾಗಿತ್ತು. "ಅವರಿಗೆ ಸರ್ಕಾರವೇ ಕಾರ್ಡ್ ಕೊಟ್ಟಿದೆ ಅಂತೀಯಾ, ನಾನು ಮುಟ್ಟಿದರೆ ತಪ್ಪು ಅಂತೀಯಾ, ಎಂಥದಪ್ಪಾ ಇದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ನಡುವೆ ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಮಗಳು, ಕ್ಯಾಲಿಫೋರ್ನಿಯಾದಿಂದ ಬರುವಾಗ ನಾನೇ ತರ್ತೀನಿ ಅಂದಳು. ಅವಳು ಪೌರಳೇ, ಆದರೆ ವಿಮಾನ ಹತ್ತಿ ರಾಜ್ಯದ ಗಡಿ ದಾಟಿಸಿದರೆ ಅದು ಫೆಡರಲ್ ಅಪರಾಧ. ಪೆನ್ಸಿಲ್ವೇನಿಯಾದ ಗುರುತಿನ ಚೀಟಿ ಇಲ್ಲದ್ದರಿಂದ ಕೇರ್‌ಗಿವರ್ ಆಗಲೂ ಬರುವುದಿಲ್ಲ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ, ಒಹಾಯೋ ಒಂದು ಗಂಟೆ ದಾರಿ, 2024ರ ಆಗಸ್ಟ್‌ನಿಂದ 21 ದಾಟಿದ ಯಾರಿಗೆ ಬೇಕಾದರೂ ಮಾರುತ್ತಿದ್ದಾರೆ, ಕಾರ್ಡೂ ಬೇಡ ಅಂತ ಬರೆದರು. ಅಲ್ಲಿ ಕೊಳ್ಳಬಹುದು ನಿಜ. ಗಡಿ ದಾಟಿಸಿ ತಂದ ತಕ್ಷಣ ಫೆಡರಲ್ ಕಾನೂನೂ ಮುರಿಯುತ್ತದೆ, ಪೆನ್ಸಿಲ್ವೇನಿಯಾದ ಕಾನೂನೂ ಮುರಿಯುತ್ತದೆ. ಇಲ್ಲಿನ ಕಾರ್ಡ್ ಕಾಪಾಡುವುದು ಇಲ್ಲಿನ ಅಂಗಡಿಯಲ್ಲಿ ಕೊಂಡದ್ದನ್ನು ಮಾತ್ರ. ವೀಸಾದಲ್ಲಿರುವ ಹುಡುಗರು ಹೀಗೆ ಸಲೀಸಾಗಿ ಹೋಗಿಬರುವುದನ್ನು ನೋಡಿದರೆ ನನಗೆ ಈಗ ನಿಜವಾಗಿಯೂ ಭಯವಾಗುತ್ತದೆ.

ಆಂಟಿ ಬಂದರು

ದಾರಿ ತೋರಿಸಿದ್ದು ನಾವೆಲ್ಲ ಆಂಟಿ ಅಂತ ಕರೆಯುವ ಒಬ್ಬರು. ಶಿವಮೊಗ್ಗ ಕಡೆಯವರು, ನರ್ಸ್ ಆಗಿ ದುಡಿದು ನಿವೃತ್ತರಾದವರು, ಅಮೆರಿಕದ ಪೌರರು. ದೊಡ್ಡಮ್ಮನ ಜೊತೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವವರು. ಕೇರ್‌ಗಿವರ್ ಮನೆಯವರೇ ಆಗಿರಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ದೊಡ್ಡಪ್ಪ ತಮ್ಮ ಖಾತೆಯಿಂದ ಆಂಟಿ ಹೆಸರು ಸೇರಿಸಿದರು, ಅವರು ಬೆರಳಚ್ಚು ಕೊಟ್ಟು ಬಂದರು, ಒಪ್ಪಿಗೆ ಬಂತು. ಬೇರೆಯವರಿಗೆ ಯಾಕೆ ತೊಂದರೆ ಅಂತ ದೊಡ್ಡಪ್ಪ ಮುಜುಗರಪಟ್ಟರೆ, "ಆಸ್ಪತ್ರೆಯಲ್ಲಿ ಎಷ್ಟು ಜನಕ್ಕೆ ಮಾರ್ಫಿನ್ ಕೊಟ್ಟಿಲ್ಲ ನಾನು, ಇದೇನು ಮಹಾ" ಅಂದರು.

ಮೊದಲ ಸಲ ದೊಡ್ಡಪ್ಪ, ಆಂಟಿ ಇಬ್ಬರೂ ಹೋದರು. ನಾನು ಕಾರಿನಲ್ಲಿ ಕೂಡ ಕೂರಲಿಲ್ಲ, ವಕೀಲರ ಮಾತು. ಬಾಗಿಲಲ್ಲೇ ಕಾರ್ಡ್, ಫೋಟೋ ಗುರುತಿನ ಚೀಟಿ ಎರಡನ್ನೂ ನೋಡಿ ಒಳಗೆ ಬಿಡುತ್ತಾರೆ. ಹೊಸ ರೋಗಿ ಮೊದಲು ಫಾರ್ಮಸಿಸ್ಟ್ ಹತ್ತಿರ ಮಾತಾಡಬೇಕು. ಆಂಟಿ ಮನೆಯಲ್ಲಿದ್ದ ಎಲ್ಲ ಮಾತ್ರೆ ಡಬ್ಬಿಗಳನ್ನೂ ಒಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋಗಿದ್ದರು. ಫಾರ್ಮಸಿಸ್ಟ್ ಒಂದೊಂದೇ ಡಬ್ಬಿ ತಿರುಗಿಸಿ ಓದುತ್ತಾ ವಾರ್ಫರಿನ್ ಹತ್ತಿರ ನಿಂತರು. ದೊಡ್ಡಪ್ಪನಿಗೆ ಹಿಂದೆ ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ದಿನವೂ ಬೇಕು. ಗಾಂಜಾದ ಇನ್ನೊಂದು ಅಂಶ ಸಿಬಿಡಿ, ಅದು ಲಿವರ್‌ನಲ್ಲಿ ವಾರ್ಫರಿನ್ ಕರಗುವುದನ್ನು ನಿಧಾನ ಮಾಡುತ್ತದೆ. ರಕ್ತ ಜಾಸ್ತಿ ತೆಳುವಾಗಿ, ಸಣ್ಣ ಪೆಟ್ಟಿಗೂ ಒಳಗೆ ರಕ್ತಸ್ರಾವ ಆಗಬಹುದು. ಸಿಬಿಡಿ ಜಾಸ್ತಿ ಇರುವ ಯಾವುದೂ ಬೇಡ ಅಂದರು. ನಾಲಿಗೆ ಕೆಳಗೆ ಹಾಕಿಕೊಳ್ಳುವ ಹನಿ ಔಷಧಿ, ಒಂದು ಸಲಕ್ಕೆ ಟಿಎಚ್‌ಸಿ 2.5 ಮಿಲಿಗ್ರಾಂ, ರಾತ್ರಿ ಮಲಗುವ ಮುಂಚೆ ಮಾತ್ರ. ಕಾಲಿಗೆ ಹಚ್ಚಲು ಒಂದು ಮುಲಾಮು. ರಕ್ತ ಪರೀಕ್ಷೆ ಮೊದಲ ಕೆಲವು ವಾರ ಹತ್ತಿರ ಹತ್ತಿರ ಮಾಡಿಸಿ ಅಂತ ಹೃದಯದ ಡಾಕ್ಟರ್‌ಗೂ ತಿಳಿಸಲು ಹೇಳಿದರು. ಡಬ್ಬಿಯ ಮೇಲೆ ಎಷ್ಟು ಮಿಲಿಗ್ರಾಂ ಏನಿದೆ ಅಂತ ಬರೆದಿರುತ್ತದೆ. ಬಿಲ್ಲು ನಗದಿನಲ್ಲಿ.

ಇಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದಕ್ಕೂ ನಿಯಮ ಇದೆ. ಮಾತ್ರೆ, ಎಣ್ಣೆ, ಹನಿ, ಮುಲಾಮು, ಆವಿಯಾಗಿ ಎಳೆದುಕೊಳ್ಳುವ ರೂಪಗಳು ಸಿಗುತ್ತವೆ. ಒಣ ಹೂವನ್ನು 2018ರ ಆಗಸ್ಟ್‌ನಿಂದ ಮಾರುತ್ತಾರೆ, ಆದರೆ ಸೇದುವ ಹಾಗಿಲ್ಲ. ಚಾಕೊಲೇಟ್, ಕುಕಿ ಥರದ ತಿಂಡಿ ಮಾರುವ ಹಾಗಿಲ್ಲ. ಮನೆಯಲ್ಲಿ ಗಿಡ ಬೆಳೆಯುವ ಹಾಗಿಲ್ಲ. ಕೊಂಡದ್ದನ್ನು ಕೊಟ್ಟ ಡಬ್ಬಿಯಲ್ಲೇ ಇಡಬೇಕು. ಕೋವಿಡ್ ಕಾಲದಲ್ಲಿ ಕಾರಿನ ಹತ್ತಿರ ತಂದುಕೊಡಲು ಶುರು ಮಾಡಿದರು, ಅದನ್ನು 2021ರ ತಿದ್ದುಪಡಿ ಕಾಯಂ ಮಾಡಿತು. ನಡೆಯಲಾಗದವರಿಗೆ ಇದು ದೊಡ್ಡ ಅನುಕೂಲ.

ಮನೆಯಲ್ಲಿ ಒಂದು ಸಣ್ಣ ಬೀಗದ ಪೆಟ್ಟಿಗೆ ತಂದರು. ಕೀಲಿ ದೊಡ್ಡಪ್ಪನ ಹತ್ತಿರ. ಹನಿ ಲೆಕ್ಕ ಹಾಕಿ ತಾವೇ ತೆಗೆದುಕೊಳ್ಳುತ್ತಾರೆ, ದೊಡ್ಡಮ್ಮ ಮುಟ್ಟುವುದಿಲ್ಲ. ಮೊದಲ ವಾರದಲ್ಲಿ ಒಂದು ರಾತ್ರಿ, ಏನೂ ಆಗಲಿಲ್ಲವಲ್ಲ ಅಂತ ಅರ್ಧ ಗಂಟೆಯಲ್ಲಿ ಇನ್ನೊಂದು ಸಲ ಹಾಕಿಕೊಂಡರು. ಆಮೇಲೆ ಎರಡೂ ಸೇರಿ ತಲೆ ತಿರುಗಿ ಗೋಡೆ ಹಿಡಿದು ನಿಂತರು, ಬೀಳಲಿಲ್ಲ ಪುಣ್ಯ. ಅಂದಿನಿಂದ ಬಾತ್‌ರೂಮ್ ದೀಪ ರಾತ್ರಿಯಿಡೀ ಉರಿಯುತ್ತದೆ.

ಫಲ ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿದ್ದೆ ಬಂತು, ನಾಲ್ಕೈದು ಗಂಟೆ ಒಂದೇ ಸಮ. ಹಸಿವು ಬಂತು. ಒಂದು ಇಡ್ಲಿ ಮುರಿದು ಬಿಡುತ್ತಿದ್ದವರು ಮೂರು ತಿಂದು ಚಟ್ನಿ ಇನ್ನೊಂದು ಚೂರು ಹಾಕು ಅಂದರು. ಅಂಗಾಲಿನ ಉರಿ ಪೂರ್ತಿ ಹೋಗಲಿಲ್ಲ, ಸ್ವಲ್ಪ ತಗ್ಗಿತು. ತಿಂಗಳಿಗೆ ಆಗುವ ಖರ್ಚು ಪೂರ್ತಿ ಕೈಯಿಂದಲೇ, ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಮೊತ್ತ ಅಲ್ಲ.

ಕೀಮೋ ಮುಗಿದ ಮೇಲೆ ದಸರಾಕ್ಕೆ ಮೈಸೂರಿಗೆ ಹೋಗಬೇಕು ಅಂತ ದೊಡ್ಡಪ್ಪನಿಗೆ ಆಸೆ. ಈ ಡಬ್ಬಿಯನ್ನು ಜೊತೆಗೆ ಒಯ್ಯುವ ಹಾಗಿಲ್ಲ. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆ ಇದೆ, ಗಾಂಜಾ, ಚರಸ್, ಅವುಗಳ ಮಿಶ್ರಣ ಎಲ್ಲ ಅದರ ಕೆಳಗೆ ಬರುತ್ತವೆ. ಪೆನ್ಸಿಲ್ವೇನಿಯಾದ ಕಾರ್ಡ್ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಪಿಟ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲೂ ಬರುವುದಿಲ್ಲ, ವಿಮಾನ ಫೆಡರಲ್ ಕಾನೂನಿನಡಿ ಹಾರುತ್ತದೆ. ಡಾಕ್ಟರ್ ಹತ್ತಿರ ಈಗಾಗಲೇ ಮಾತಾಡಿದ್ದೇವೆ. ಹೊರಡುವುದಕ್ಕೆ ಮುಂಚೆ ಹನಿ ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸುವುದು, ಊರಿನಲ್ಲಿ ಇರುವಷ್ಟು ದಿನ ನರನೋವಿನ ಮಾಮೂಲಿ ಮಾತ್ರೆ, ವಾರ್ಫರಿನ್ ಪ್ರಮಾಣ ಮತ್ತೆ ಬದಲಾಗಬಹುದಾದ್ದರಿಂದ ಮೈಸೂರಿನಲ್ಲೂ ರಕ್ತ ಪರೀಕ್ಷೆ. ಕಾರ್ಡ್‌ನ ವರ್ಷದ ಅವಧಿ ಅದೇ ಹೊತ್ತಿಗೆ ಮುಗಿಯುತ್ತದೆ, ಹಾಗಾಗಿ ಹೊರಡುವ ಮೊದಲೇ ದೃಢೀಕರಣ ಮಾಡಿಸಿಕೊಳ್ಳಲು ಡಾಕ್ಟರ್ ದಿನ ಕೊಟ್ಟಿದ್ದಾರೆ. ಕರೆದುಕೊಂಡು ಹೋಗುವವರು ಆಂಟಿಯೇ.